ಕೈ ನೋಡದೆ ಕೊಟ್ಟ ಬಳೆ

ರಂಗಂಪೇಟೆಯ ಚಮನಬೀಗೆ ಮುಖಗಳು ನೆನಪಿರುತ್ತಿರಲಿಲ್ಲ, ಕೈಗಳು ನೆನಪಿರುತ್ತಿದ್ದವು. ಸುರಪುರದ ಸಂತೆಯಲ್ಲಿ ಯಾವಳಾದರೂ ಎದುರಿಗೆ ನಿಂತು "ಹೆಂಗದೀ, ಬಳಿ ಆಯಿ?" ಅಂದರೆ ಪಿಳಿಪಿಳಿ ನೋಡುವಳು. ಅದೇ ಹೆಂಗಸು ಕೈ ಮುಂದೆ ಮಾಡಿದಳೋ, ಮುಗಿಯಿತು. ಯಾವ ಊರು, ಯಾರ ಸೊಸೆ, ಎಷ್ಟು ಹಡೆದವಳು, ಎಮ್ಮೆ ಹಿಂಡುವವಳೋ ಹತ್ತಿ ಬಿಡಿಸುವವಳೋ, ಎಲ್ಲ ಹೇಳಿಬಿಡುವಳು. ಮೂವತ್ತೆಂಟು ವರ್ಷ ತಲೆಯ ಮೇಲೆ ಬಳೆಬುಟ್ಟಿ ಹೊತ್ತು ಕೃಷ್ಣೆಯ ದಂಡೆಯ ಹಳ್ಳಿಗಳನ್ನು ತಿರುಗಿದವಳಿಗೆ ಅಷ್ಟೂ ತಿಳಿಯದಿದ್ದರೆ ಕಾಲು ಸವೆಸಿದ್ದಕ್ಕೆ ಏನು ಬಂತು?

ಬಳೆಗೆ ಅಳತೆ ಉಂಟು. ಎರಡು ನಾಲ್ಕು, ಎರಡು ಆರು, ಎರಡು ಎಂಟು, ಎರಡು ಹತ್ತು, ಹೀಗೆ ಒಂದಕ್ಕಿಂತ ಒಂದು ದೊಡ್ಡದು. ಅಂಗಡಿಯವರು ಅಳತೆ ಕೇಳಿ ಡಬ್ಬಿ ಕೈಗಿಡುತ್ತಾರೆ. ಚಮನಬೀ ಕೇಳುತ್ತಿರಲಿಲ್ಲ. "ಕೈ ಕೊಡು" ಅನ್ನುವಳು. ಕೊಟ್ಟ ಕೈಯನ್ನು ತನ್ನ ಮಂಡಿಯ ಮೇಲಿಟ್ಟುಕೊಂಡು ಹೆಬ್ಬೆರಳಿನ ಬುಡದ ಎಲುಬನ್ನು ಎರಡು ಸಲ ಒತ್ತುವಳು, ಆಮೇಲೆ ಬುಟ್ಟಿಗೆ ಕೈ ಹಾಕುವಳು. ತೆಗೆದ ಬಳೆ ಒಮ್ಮೆಯೂ ತಪ್ಪಿದ್ದಿಲ್ಲ. ಎಲ್ಲ ಇಟ್ಟಾದ ಮೇಲೆ ಕೊಸರೆಂದು ಒಂದು ಬಳೆ ಹೆಚ್ಚಿಗೆ ಇಟ್ಟು "ನೂರು ವರ್ಷ ಕೈ ತುಂಬ ಇರ್ಲವ್ವ" ಅನ್ನುವಳು. ಇಟ್ಟುಕೊಂಡವಳು ಬಗ್ಗಿ ನಮಸ್ಕಾರ ಮಾಡುವಳು. ಬಳೆಗಾರ್ತಿ ಸಾಬರವಳೋ ಇನ್ಯಾರೋ ಎಂದು ಆ ಹೊತ್ತಿನಲ್ಲಿ ಯಾರೂ ಯೋಚಿಸುತ್ತಿರಲಿಲ್ಲ.

ಒಮ್ಮೆ ಹೊಳೆದಂಡೆಯ ಸಾಯಬಮ್ಮ ಎಂಬವಳ ಬಸುರಿ ಸೊಸೆಗೆ ಬಳೆ ಇಡಲು ಕೂತಾಗ ಒತ್ತಿದ ಕಡೆ ಗುಳಿ ಬಿತ್ತು. ಬಿದ್ದ ಗುಳಿ ಏಳಲಿಲ್ಲ. ಚಮನಬೀ ಬುಟ್ಟಿ ಮುಚ್ಚಿಬಿಟ್ಟಳು. "ಈ ಕೈಗಿ ನಾ ಬಳಿ ಇಡಂಗಿಲ್ಲ. ಮೊದ್ಲ ದವಾಖಾನಿಗಿ ಒಯ್ರಿ" ಅಂದಳು. ಒಯ್ದರು. ರಕ್ತದೊತ್ತಡ ಏರಿದೆ, ಇನ್ನೆರಡು ದಿನ ತಡವಾಗಿದ್ದರೆ ತಾಯಿಯೂ ಇಲ್ಲ ಕೂಸೂ ಇಲ್ಲ ಅಂದರಂತೆ ಡಾಕ್ಟರು. ಅಂದಿನಿಂದ ಆ ದಂಡೆಯ ಹಳ್ಳಿಗಳಲ್ಲಿ ಕುಬಸಕ್ಕೆ, ಅಂದರೆ ಬಸುರಿಗೆ ಹಸಿರು ಬಳೆ ಇಡಿಸಿ ಸೀರೆ ಉಡಿಸುವ ಕಾರ್ಯಕ್ಕೆ, ಚಮನಬೀಯೇ ಬೇಕು ಅನ್ನುತ್ತಿದ್ದರು. ಆಕೆಗೆ ಅದರ ಬಗ್ಗೆ ಸಣ್ಣ ಸೊಕ್ಕೂ ಇತ್ತು. ಇರಲಿ ಬಿಡಿ, ಬಡವರಿಗೆ ಬೇರೆ ಏನಿರುತ್ತದೆ.

ಈಗ ಹೇಳಬೇಕಾದ ಊರೂ ಆ ದಂಡೆಯದೇ, ತಿಂಥಣಿಯ ಕಡೆಗೆ ಹೋಗುವ ದಾರಿಯದು. ಹೆಸರು ಹೇಳುವುದಿಲ್ಲ. ಹೇಳಿದರೆ ಆ ಊರಿನವರಿಗಷ್ಟೇ ನಾಚಿಕೆಯಾದೀತು, ಉಳಿದ ಊರುಗಳು ಪಾರಾಗಿಬಿಡುತ್ತವೆ. ಆ ವರ್ಷ ಎಲ್ಲ ಊರೂ ಹಾಗೇ ಇದ್ದವು.

ಲಾಕ್‌ಡೌನ್ ಬಿದ್ದು ತಿಂಗಳಾಗಿತ್ತು. ರಂಗಂಪೇಟೆಯಲ್ಲಿ ರೇಷನ್ ಅಂಗಡಿಯ ಮುಂದೆ ಸುಣ್ಣದಲ್ಲಿ ಗೆರೆ ಹಾಕಿದ ದುಂಡುಗಳೊಳಗೆ ಮನುಷ್ಯರ ಬದಲು ಕೈಚೀಲ, ಚಪ್ಪಲಿ, ಕಲ್ಲು ಸಾಲು ನಿಂತಿರುತ್ತಿದ್ದವು. ಚಮನಬೀಯ ಮಗ ಮುಜಫರನ ಟಂಟಂ ಗಾಡಿ ಬಾಗಿಲ ಮುಂದೆ ಧೂಳು ತಿನ್ನುತ್ತಿತ್ತು. ಮದುವೆಗಳೆಲ್ಲ ನಿಂತಿದ್ದವು, ಮದುವೆಯಿಲ್ಲದೆ ಬಳೆ ಯಾರಿಗೆ ಬೇಕು? ಟೀವಿಯವರು ಬೆಳಗಿನಿಂದ ಸಂಜೆಯವರೆಗೆ ಗಡ್ಡ, ಟೋಪಿ ತೋರಿಸಿ ತೋರಿಸಿ ರೋಗಕ್ಕೂ ಒಂದು ಜಾತಿ ಹಚ್ಚಿಬಿಟ್ಟಿದ್ದರು. ಸಾಬರು ಹಣ್ಣಿಗೆ ಉಗುಳು ಸವರಿ ಮಾರುತ್ತಾರೆ ಎಂಬ ವಿಡಿಯೋ ಹೊಳೆದಂಡೆಯ ಒಂದೊಂದು ಮೊಬೈಲಿಗೂ ಬಂದಿತ್ತು. ಎಲ್ಲಿಯದು, ಯಾವ ಕಾಲದ್ದು, ಖರೆಯೋ ಸುಳ್ಳೋ, ಕೇಳುವವರು ಯಾರು?

ಆ ಊರಿನಲ್ಲಿ ಪಂಚಾಯಿತಿ ಮೆಂಬರ್ ಮರಿಲಿಂಗ ಜೆಸಿಬಿ ತರಿಸಿ ಊರಬಾಗಿಲ ಅಗಸಿಯ ಹೊರಗೆ, ಊರಿಗೆ ಬರುವ ಒಂದೇ ರಸ್ತೆಗೆ ಅಡ್ಡವಾಗಿ, ಎರಡೂ ಬದಿಯ ಕಳ್ಳಿಬೇಲಿಗೆ ತಾಗುವಂತೆ, ಎದೆಮಟ್ಟದ ಗುಂಡಿ ತೋಡಿಸಿದ್ದ. ಅದರ ಮೇಲೆ ಜಾಲಿಮುಳ್ಳು. ರೋಗ ಒಳಗೆ ಬರಬಾರದಂತೆ.

ಇಂಥದ್ದರಲ್ಲಿ ಆ ಊರಿನ ಪಾರ್ವತೆಮ್ಮ ಚಮನಬೀಗೆ ಫೋನು ಮಾಡಿದಳು. ಮಗಳು ಮೌನೇಶ್ವರಿ ಚೊಚ್ಚಲ ಬಸುರಿ, ಏಳು ತುಂಬಿದೆ, ತವರಿಗೆ ಬಂದಿದ್ದಾಳೆ. ಅಳಿಯ ಸಾಯಿಕುಮಾರ ಕಟ್ಟಡದ ಕೆಲಸಕ್ಕೆಂದು ಹೈದರಾಬಾದಿಗೆ ಹೋದವನು ಅಲ್ಲೇ ಸಿಕ್ಕಿಬಿದ್ದಿದ್ದಾನೆ. ಆದರೂ ಕುಬಸ ಬಿಡಲಾಗುತ್ತದೆಯೇ? ಸೋಮವಾರಕ್ಕೆ ಹಸಿರು ಬಳೆ ಬೇಕು.

ಮುಜಫರ "ಅಮ್ಮೀ, ನಕ್ಕೋ ಜಾವ್", ಹೋಗಬೇಡ, ಅಂದ. ಆ ಊರಿನಲ್ಲಿ ನಮ್ಮವರನ್ನು ಬಿಡುತ್ತಿಲ್ಲ ಎಂದೂ ಹೇಳಿದ. ಚಮನಬೀ ಕೇಳಲಿಲ್ಲ. ಮೌನೇಶ್ವರಿ ಹುಟ್ಟಿದ ಹನ್ನೆರಡನೆಯ ದಿನ ಉಗುರಿನಷ್ಟು ಕೈಗೆ ಕರಿಬಳೆ ಇಟ್ಟವಳು ತಾನು. ನನ್ನನ್ನು ಯಾರು ತಡೆಯುತ್ತಾರೆ ಎಂದುಕೊಂಡು ಭಾನುವಾರ ಬೆಳಿಗ್ಗೆ ಬುಟ್ಟಿ ಹೊತ್ತಳು. ರಂಜಾನಿನ ಉಪವಾಸ, ಎರಡನೆಯ ರೋಜಾ. ಬಾಯಲ್ಲಿ ಹನಿ ನೀರಿಲ್ಲ, ಒಂಬತ್ತು ಕಿಲೋಮೀಟರು, ಏಪ್ರಿಲ್ಲಿನ ಬಿಸಿಲು. ಪೊಲೀಸರ ಕಣ್ಣು ತಪ್ಪಿಸಿ ಹೊಲದ ದಾರಿ ಹಿಡಿದು ಗುಂಡಿಯವರೆಗೂ ಬಂದಳು.

ಆಚೆ ದಂಡೆಯಲ್ಲಿ ಮರಿಲಿಂಗ ಬಾಯಿಗೆ ಟವಲು ಕಟ್ಟಿಕೊಂಡು ನಿಂತಿದ್ದ. "ಅಲ್ಲೇ ನಿಲ್ಲು ಆಯಿ. ಇತ್ಲಾಗ ದಾಟಬ್ಯಾಡ."

"ನಿನ್ನ ಹೆಂತಿ ಕೈಗಿ ಬಳಿ ಇಟ್ಟಾಕಿ ನಾ, ಮರಿಲಿಂಗ."

"ಅದೆಲ್ಲ ಖರೇನ. ಆದ್ರ ನಿಮ್ಮ ಮಂದಿನ್ನ ಒಳಗ ಬಿಡಬಾರ್ದಂತ ಊರಾಗ ಠರಾವ ಆಗ್ಯಾದ. ನಾ ಒಬ್ಬಾವ ಏನ್ ಮಾಡ್ಲಿ."

"ಯಾವ ಮಂದಿ?"

ಮರಿಲಿಂಗ ಗುಂಡಿಯ ಮೇಲಿನ ಮುಳ್ಳನ್ನು ಎಣಿಸುವವನ ಹಾಗೆ ತಲೆ ತಗ್ಗಿಸಿದ. ಅಷ್ಟರಲ್ಲಿ ಪಾರ್ವತೆಮ್ಮ ಸೆರಗು ಮೂಗಿಗೆ ಒತ್ತಿಕೊಂಡು ಬಂದಳು. ಬಂದವಳು ಮುಳ್ಳಿನಿಂದ ನಾಲ್ಕು ಮಾರು ದೂರವೇ ನಿಂತಳು. ತನ್ನ ಮದುವೆಯ ಹಂದರದಿಂದ ಇಂದಿನವರೆಗೆ ಚಮನಬೀಯ ಮಂಡಿಯ ಮೇಲೆ ಕೈಯಿಟ್ಟು ಕೂತವಳು ಆಕೆ.

"ಆಯಿ, ತಪ್ಪು ತಿಳ್ಕೋಬ್ಯಾಡ. ಬಳಿ ಆ ಕಲ್ಲ ಮ್ಯಾಲ ಇಟ್ಟು ಹೋಗು. ಅಳತಿ ಸಂಬಂಧ ಬೇಕಾದ್ರ ಮೌನಿನ್ನ ಇಲ್ಲಿ ತನ ಕರ್ಕೊಂಡ್ ಬರ್ತೀನಿ, ದೂರಿಂದ ಕೈ ನೋಡು."

ಇಲ್ಲಿಯೇ ಚಮನಬೀ ತಪ್ಪಿದಳು. ಮೂವತ್ತೆಂಟು ವರ್ಷದಲ್ಲಿ ಮಾಡದ ತಪ್ಪು. ಮೈಯೆಲ್ಲ ಉರಿದುಹೋಗಿತ್ತು ಆಕೆಗೆ. ನಾಯಿಗೆ ರೊಟ್ಟಿ ಹಾಕುವ ಹಾಗೆ ಕಲ್ಲಿನ ಮೇಲೆ ಇಟ್ಟು ಹೋಗು ಅನ್ನುತ್ತಾರಲ್ಲ.

"ದೂರಿಂದ ನೋಡಾಕ ಅದೇನು ಈದಿನ ಚಂದ್ರ ಏನು? ಬ್ಯಾಡ, ಕರಿಬ್ಯಾಡ ಆಕಿನ್ನ. ಆ ಕೈ ನನಗ ಗೊತ್ತದ."

ಗೊತ್ತಿತ್ತು ನಿಜ. ಸಂಕ್ರಾಂತಿಗೆ ಆ ಕೈ ಎರಡು ನಾಲ್ಕು ಇತ್ತು. ಬಸುರಿ ಕೈ ತುಸು ತುಂಬಿಕೊಳ್ಳುತ್ತದೆ ಎಂದು ಒಂದು ಅಳತೆ ಏರಿಸಿ ಎರಡು ಆರರ ಎರಡು ಡಜನ್ ಹಸಿರು ಬಳೆ ಕಲ್ಲಿನ ಮೇಲಿಟ್ಟಳು. ಮರಿಲಿಂಗ ಉದ್ದ ಕೋಲಿನಿಂದ ಬಳೆಯ ಕಟ್ಟನ್ನು ಎತ್ತಿ ಬ್ಲೀಚಿಂಗ್ ಪುಡಿ ಕಲಸಿದ ಬಕೀಟಿನಲ್ಲಿ ಅದ್ದಿದ. ಬಳೆಯ ಮೇಲಿನ ಬಂಗಾರದ ಗೆರೆ ಕರಗಿ ನೀರಿನಲ್ಲಿ ಹೊಳೆಯಿತು. ಚಮನಬೀ ಅದನ್ನು ಕಣ್ಣಾರೆ ನೋಡಿ, ಬಳೆಗೆ ಬದಲಾಗಿ ಅವರಿಟ್ಟ ಜೋಳದ ಗಂಟನ್ನು ಮುಟ್ಟದೆ ತಿರುಗಿದಳು. ಬಡವನ ಸಿಟ್ಟು ದವಡೆಗೆ ಮೂಲ ಅನ್ನುತ್ತಾರೆ. ಈ ಸಿಟ್ಟಿನ ಪೆಟ್ಟು ಆಕೆಯ ದವಡೆಗೇ ಬಿದ್ದಿದ್ದರೆ ಚೆನ್ನಾಗಿತ್ತು.

ಸೋಮವಾರ ಮಧ್ಯಾಹ್ನ ಪಾರ್ವತೆಮ್ಮನ ಗಂಡ ಬಸವಂತ್ರಾಯನ ಫೋನು ಬಂತು.

"ಏನ್ ಬಳಿ ಕೊಟ್ಟೀ ಮುದುಕಿ? ಇಡಾಕ ಹೋದ್ರ ಎರಡು ಒಡದು ಹುಡುಗಿ ಕೈ ಹರೀತು. ಕುಬಸದ ಮಣಿ ಮ್ಯಾಲ ಕುಂತ ಬಸರಿ ಕೈಯಾಗ ಬಳಿ ಒಡೀತಂದ್ರ ಏನಂತ ಗೊತ್ತಿಲ್ಲೇನು ನಿನಗ? ಬೇಕಂತ ಮಾಡಿದ್ಯೇನು?"

ಚಮನಬೀಗೆ ಬೈಗಳು ಕೇಳಿಸಲಿಲ್ಲ. "ಎರಡು ಆರು ಹೋಗ್ಲಿಲ್ಲೇನು?" ಅಂದಳು.

"ಸಾಬಾಣ ಹಚ್ಚಿ ನೂಕಿದ್ರೂ ಹೋಗ್ಲಿಲ್ಲ."

"ಬಸವಂತ್ರಾಯ, ಮಾರಿ ಬಾತದೇನು ಆಕಿದು? ತಲಿ ನೋವು ಅಂತಾಳೇನು?"

ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ. ಮೂರು ತಿಂಗಳಲ್ಲಿ ಎರಡು ನಾಲ್ಕರ ಕೈ ಎರಡು ಆರನ್ನೂ ದಾಟಿದೆ ಅಂದರೆ ಅದು ತುಂಬಿಕೊಂಡ ಕೈಯಲ್ಲ, ಬಾತ ಕೈ. ನೋಡು ಎಂದು ಅವರೇ ಹೇಳಿದ್ದರು. ತಾನೇ ಬೇಡ ಅಂದಿದ್ದಳು. ಆ ಸಂಜೆ ರೋಜಾ ಬಿಟ್ಟವಳೇ ದೊಡ್ಡ ಅಳತೆಯ ಬಳೆಗಳನ್ನು ಆರಿಸಿ ಬುಟ್ಟಿಗೆ ಹಾಕಿದಳು.

ಮಂಗಳವಾರ ಮತ್ತೆ ನಡೆದಳು. ಬುಟ್ಟಿಯಲ್ಲಿ ಎರಡು ಎಂಟು, ಎರಡು ಹತ್ತರ ಬಳೆ ಇದ್ದವು, ಆದರೆ ಹೋದದ್ದು ಬಳೆಗಲ್ಲ. ಗುಂಡಿಯ ಈಚೆ ನಿಂತು ಪಾರ್ವತೆಮ್ಮನ ಹೆಸರು ಹಿಡಿದು ಕೂಗಿದಳು. ಮರಿಲಿಂಗ ಬಂದ, ಬಸವಂತ್ರಾಯ ಬಂದ, ಪಾರ್ವತೆಮ್ಮ ಬಂದಳು. ಎಲ್ಲರ ಹಿಂದೆ, ಬೇಡ ಅಂದರೂ ಕೇಳದೆ, ಸೊಂಟಕ್ಕೆ ಕೈಕೊಟ್ಟುಕೊಂಡು ಮೌನೇಶ್ವರಿ ಬಂದಳು. ಇಪ್ಪತ್ತರ ಹುಡುಗಿ. ಮುಖ ಬಾತು ಕಣ್ಣು ಸಣ್ಣಗಾಗಿದ್ದವು. ಅಂಗೈಗೆ ಬಟ್ಟೆ ಸುತ್ತಿತ್ತು.

"ಬಳಿ ಆಯಿ" ಅಂದು ನಕ್ಕಳು.

"ಮೌನಿ, ನನ್ನವ್ವ, ನಾ ಹೇಳ್ದಂಗ ಮಾಡು. ಮುಂಗೈ ಮ್ಯಾಲ ಹೆಬ್ಬಟ್ಟು ಇಟ್ಟು ಜೋರ ಒತ್ತು. ಹತ್ತರ ತನ ಎಣಸು. ಹ್ಞಾಂ, ಈಗ ತಗಿ. ಏನಾಯ್ತು?"

ಹುಡುಗಿ ಕೈಯನ್ನು ಬಿಸಿಲಿಗೆ ಹಿಡಿದು ನೋಡಿಕೊಂಡಳು. "ಕುಣಿ ಬಿತ್ತಾಯಿ. ಹಂಗೇ ಉಳೀತು ನೋಡು" ಅಂದು ಮತ್ತೆ ನಕ್ಕಳು. ಆಕೆಗೆ ಅದೊಂದು ಆಟದ ಹಾಗೆ ಕಂಡಿತ್ತು.

"ತಲಿ ನೋಯ್ತದೇನು?"

"ಎರಡು ದಿನಾತು, ಸೀಳಿದಂಗ ಆಗ್ತದ. ಕಣ್ಣ ಮುಂದ ಮಿಂಚುಹುಳ ಹಾರ್ತಾವ, ಹಗಲೊತ್ತಿನ್ಯಾಗೂ."

ಚಮನಬೀ ಬುಟ್ಟಿ ಕೆಳಗಿಟ್ಟು ಗುಂಡಿಯ ಅಂಚಿಗೆ ಬಂದಳು. ಮರಿಲಿಂಗ ಕೋಲೆತ್ತಿದ. "ನಾ ದಾಟಂಗಿಲ್ಲೋ ಮಾರಾಯ. ನೀವು ದಾಟ್ರಿ. ಇವತ್ತ, ಈಗಿಂದೀಗ ಈಕಿನ್ನ ದವಾಖಾನಿಗಿ ಒಯ್ರಿ. ಸಾಯಬಮ್ಮನ ಸೊಸಿ ಕೈ ಹಿಂಗೇ ಇತ್ತು. ನಿಮಗ ಗೊತ್ತಿಲ್ಲೇನು?"

ಗೊತ್ತಿಲ್ಲದೆ ಏನು. ಎಲ್ಲರಿಗೂ ಗೊತ್ತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಎರಡು ತಿಂಗಳ ಹಿಂದೆ ಇದೇ ಮಾತು ಅಂದಿದ್ದರೆ ಬಸವಂತ್ರಾಯ ಗಾಡಿ ಕಟ್ಟಿಸಿ ಒಯ್ಯುತ್ತಿದ್ದ. ಈಗ ಗುಂಡಿಯ ಆಚೆಯಿಂದ ಬಂದ ಮಾತು ಮಾತಾಗಿ ಉಳಿದಿರಲಿಲ್ಲ.

"ದವಾಖಾನಿಗಿ ಹೋದೋರ್ನ ತಿರುಗಿ ಊರಿಗಿ ಬಿಡಂಗಿಲ್ಲ. ಹದಿನಾಲ್ಕು ದಿನ ಒಯ್ದು ಹಾಸ್ಟೆಲಿನ್ಯಾಗ ಹಾಕ್ತಾರ. ಮನಿಗಿ ಚೀಟಿ ಬಡೀತಾರ" ಅಂದ ಮರಿಲಿಂಗ. "ರೋಗ ಹೊರಗದ, ನಾವು ಒಳಗ ಚೊಲೋ ಅದೀವಿ. ಬಸರಿನ್ನ ಹೊರಗ ಒಯ್ದು ರೋಗ ಹಚ್ಚಿಸ್ಕೊಂಡು ಬರ್ರಿ ಅಂತೀ ಏನು?"

"ಬಳಿ ಮಾರಾಕಿ ಯಾವಾಗ ಡಾಕ್ಟರ್ ಆದ್ಲು?" ಅಂದ ಬಸವಂತ್ರಾಯ. "ಒಡಕ ಬಳಿ ಕೊಟ್ಟು ಅಪಶಕುನ ಮಾಡಿದ್ದು ಸಾಲ್ಲಿಲ್ಲೇನು?"

ಚಮನಬೀ ಪಾರ್ವತೆಮ್ಮನ ಕಡೆ ತಿರುಗಿದಳು. ತಾಯಿಯಲ್ಲವೇ, ಆಕೆಯಾದರೂ ಕೇಳಿಯಾಳು. ಪಾರ್ವತೆಮ್ಮ ಒಂದು ಸಲ ಗಂಡನನ್ನೂ ಒಂದು ಸಲ ಮಗಳನ್ನೂ ನೋಡಿದಳು. "ಗಂಡು ಕೂಸಿದ್ರ ಮೈ ಬಾಯ್ತದಂತ, ಆಯಿ. ನಮ್ಮತ್ತಿನೂ ಅಂತಿದ್ರು" ಅಂದಳು. ಅಂದು, ಮಗಳ ರಟ್ಟೆ ಹಿಡಿದು ಮನೆಯ ಕಡೆ ಹೊರಳಿಸಿದಳು.

ಚಮನಬೀ ಸೆರಗೊಡ್ಡಿದಳು. ನಿಮ್ಮ ಕಾಲು ಬೀಳುತ್ತೇನೆ ಅಂದಳು. ನನ್ನ ಮಾತು ಸುಳ್ಳಾದರೆ ಈ ಬುಟ್ಟಿಯನ್ನು ಹೊಳೆಗೆ ಹಾಕುತ್ತೇನೆ ಅಂದಳು. ಮುಳ್ಳಿನ ಆಚೆ ಬರೀ ಬೆನ್ನುಗಳಿದ್ದವು. ಬಳೆಗಾರ್ತಿ ಬೆನ್ನುಗಳ ಜೊತೆ ಏನು ಮಾತಾಡುತ್ತಾಳೆ? ದಾರಿಯಲ್ಲಿ ಬೇವಿನ ಮರದ ಕೆಳಗೆ ಕೂತು ಆ ಊರಿನ ಆಶಾ ಕಾರ್ಯಕರ್ತೆಗೆ ಫೋನು ಮಾಡಿದಳು. ಮುಂಬೈಯಿಂದ ಬಂದವರ ಪಟ್ಟಿ ಮಾಡಲು ಮೂರು ಊರು ತಿರುಗುತ್ತಿದ್ದ ಆ ಹೆಣ್ಣುಮಗಳು ಉಸಿರು ಬಿಡುತ್ತ "ನಾಳಿ ಮುಂಜಾನಿ ಮೊದ್ಲ ಅಲ್ಲಿಗೇ ಹೋಗ್ತೀನ್ರಿ" ಅಂದಳು. ಸುಳ್ಳು ಹೇಳಲಿಲ್ಲ ಆಕೆ. ಹೋದಳು ಕೂಡ.

ಬುಧವಾರ ಬೆಳಕು ಹರಿಯುವ ಹೊತ್ತಿಗೆ ಮೌನೇಶ್ವರಿಗೆ ಫಿಟ್ಸು ಬಂತು. ಹಲ್ಲು ಕಚ್ಚಿ, ಕಣ್ಣು ಮೇಲಾಗಿ, ಮೈ ಬಿಲ್ಲಿನಂತೆ ಬಾಗಿತು. ಮೊದಲು ಕೈಗೆ ಕಬ್ಬಿಣ ಕೊಟ್ಟರು, ಆಮೇಲೆ ಲಿಂಬೆಹಣ್ಣು ಇಳಿಸಿ ಒಗೆದರು, ಆಮೇಲೆ ಅಂಬುಲೆನ್ಸಿಗೆ ಫೋನು ಮಾಡಿದರು. ಅಂಬುಲೆನ್ಸು ಬೇಗನೇ ಬಂತು, ಬಂದು ಗುಂಡಿಯ ಆಚೆ ನಿಂತಿತು. ಇನ್ನು ಅದಕ್ಕೇನು ರೆಕ್ಕೆ ಇದ್ದವೇ? ಮರಿಲಿಂಗನೇ ಬರಿಗೈಯಲ್ಲಿ ಮುಳ್ಳು ಎಳೆದು ಎಳೆದು ಒಗೆದ. ಅಂಗೈ ತುಂಬ ರಕ್ತ. ಹೊರಸಿನ ಮೇಲೆ ಹುಡುಗಿಯನ್ನು ಮಲಗಿಸಿ ನಾಲ್ಕು ಮಂದಿ ಗುಂಡಿಗೆ ಇಳಿದರು. ಈ ದಂಡೆ ಇಳಿದರು, ಆ ದಂಡೆ ಹತ್ತಲಾಗಲಿಲ್ಲ. ಹೊರಸು ವಾಲಿತು, ಎರಡನೆಯ ಸಲ ಫಿಟ್ಸು ಬಂತು. ರೋಗ ಒಳಗೆ ಬಾರದಿರಲಿ ಎಂದು ತೋಡಿದ ಗುಂಡಿಯಲ್ಲೇ ಮೌನೇಶ್ವರಿ ಸತ್ತಳು. ಹೊಟ್ಟೆಯೊಳಗಿನದೂ ಸತ್ತಿತು. ಅಂಬುಲೆನ್ಸಿನವರು ಇಳಿದು ಬಂದು ಕೈ ನೋಡಿ, ತಲೆ ಅಲ್ಲಾಡಿಸಿ ಮೇಲೆ ಹತ್ತಿದರು.

ಹತ್ತು ಗಂಟೆಗೆ ಚಮನಬೀಗೆ ಫೋನು ಬಂತು. ಪಾರ್ವತೆಮ್ಮನ ನಂಬರು, ಮರಿಲಿಂಗನ ದನಿ.

"ಆಯಿ, ಮೌನಿ ಹೋದ್ಲು. ಬಳಿ ತಗೊಂಡು ಬಾ. ಮುತ್ತೈದಿನ್ನ ಬರಿಗೈಲೆ ಕಳಸಾಕ ಬರಂಗಿಲ್ಲ. ಇದ್ದ ಬಳಿ ಯಾವೂ ಹೋಗವಲ್ಲವು, ಯಾರಿಗೂ ಇಡಾಕ ಬರವಲ್ದು."

ಮುಜಫರ ಬೈದ. ಆ ಊರಿಗೆ ಬೆಂಕಿ ಬೀಳಲಿ, ಹೋಗಬೇಡ ಅಂದ. ಬೈಯುತ್ತಲೇ ಯಾರದೋ ಬೈಕು ತಂದು ತಾಯಿಯನ್ನು ಕೂಡಿಸಿಕೊಂಡು ಗುಂಡಿಯವರೆಗೆ ಬಿಟ್ಟ. ಗುಂಡಿಯ ಮೇಲೆ ಆಗಲೇ ಹಲಗೆ ಹಾಕಿದ್ದರು. ತಿಂಗಳಾಯಿತು ಅಲ್ಲಿ ಹಲಗೆಯಿರಲಿಲ್ಲ. ಬಸುರಿಯನ್ನು ಹೊತ್ತಾಗಲೂ ಇರಲಿಲ್ಲ. ಚಮನಬೀ ಅದರ ಮೇಲೆ ನಡೆದು ಊರೊಳಗೆ ಹೋದಳು. ಯಾರೂ ಮೂಗು ಮುಚ್ಚಿಕೊಳ್ಳಲಿಲ್ಲ, ಯಾರೂ ದೂರ ಸರಿಯಲಿಲ್ಲ. ಕಟ್ಟೆಯ ಮೇಲೆ ಆಶಾ ಕಾರ್ಯಕರ್ತೆ ಪಟ್ಟಿಯ ವಹಿ ಮಡಿಲಲ್ಲಿಟ್ಟುಕೊಂಡು ಅಳುತ್ತ ಕೂತಿದ್ದಳು.

ಪಡಸಾಲೆಯಲ್ಲಿ ಮೌನೇಶ್ವರಿಯನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಸಿರು ಸೀರೆ, ಹಣೆತುಂಬ ಕುಂಕುಮ. ಪಕ್ಕದಲ್ಲಿ ಬಂಗಾರದ ಗೆರೆ ಕರಗಿದ ಆ ಎರಡು ಆರರ ಬಳೆಗಳು ತಟ್ಟೆಯಲ್ಲಿದ್ದವು. ಚಮನಬೀ ಎದುರಿಗೆ ಕೂತು ಕೈಯನ್ನು ಎತ್ತಿ ತನ್ನ ಮಂಡಿಯ ಮೇಲಿಟ್ಟುಕೊಂಡಳು. ನಾಲ್ಕು ದಿನದಿಂದ ಹಿಡಿಯಬೇಕಾಗಿದ್ದ ಕೈ. ಹೆಬ್ಬೆರಳಿನ ಬುಡವನ್ನು ಎರಡು ಸಲ ಒತ್ತಿದಳು, ಎಲುಬು ಸಿಗಲಿಲ್ಲ. ಕೊಬ್ಬರಿಎಣ್ಣೆ ಹಚ್ಚಿ ತೀಡಿ ತೀಡಿ, ಬಿಗಿದ ಬೆರಳುಗಳನ್ನು ಒಂದೊಂದಾಗಿ ಸಡಿಲಿಸಿ, ಎರಡು ಹತ್ತರ ಬಳೆ ತೆಗೆದಳು.

"ಮೆತ್ತಗ ಇಡು ಆಯಿ" ಅಂದಳು ಪಾರ್ವತೆಮ್ಮ. "ಅಂಗೈ ಹರದದ, ಉರೀತದ ಆಕಿಗಿ."

ಮೆತ್ತಗೇ ಇಟ್ಟಳು. ಒಂದೂ ಒಡೆಯಲಿಲ್ಲ. ಎರಡೂ ಕೈ ತುಂಬಿದ ಮೇಲೆ ಕೊಸರಿನ ಬಳೆಯನ್ನೂ ಇಟ್ಟಳು. ರೂಢಿಯ ಬಾಯಿ, "ನೂರು ವರ್ಷ" ಅಂದುಬಿಟ್ಟಿತು. ಚಮನಬೀ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಹೆಣದ ಮುಂದೆ ಅಲ್ಲಿಯವರೆಗೆ ಯಾರೂ ಹಾಗೆ ಅತ್ತಿರಲಿಲ್ಲ.

ಏಳುವಾಗ ಬಾಗಿಲಲ್ಲಿ ಬಸವಂತ್ರಾಯ ನಿಂತಿದ್ದ. ಕಣ್ಣು ಕೆಂಡ. ಇಡೀ ಊರು ಅಂಗಳದಲ್ಲಿತ್ತು.

"ಕೈ ಹಿಡದಿದ್ರ ನಿನಗ ತಿಳೀತಿತ್ತು" ಅಂದ. "ಸಾಯಬಮ್ಮನ ಸೊಸಿದು ತಿಳೀತಲ್ಲ, ಹಂಗ. ಭಾನುವಾರ ನೀ ಒಳಗ ಬಂದು ಕೈ ಹಿಡೀಬೇಕಿತ್ತು. ಯಾಕ ಬರ್ಲಿಲ್ಲ?"

ಅವನು ಕೊಂಕು ಮಾತಾಡಲಿಲ್ಲ. ನಿಜವಾಗಿಯೂ ಕೇಳುತ್ತಿದ್ದ. ಸುತ್ತ ನಿಂತವರಲ್ಲಿ ಒಬ್ಬರಿಗೂ ಆ ಪ್ರಶ್ನೆ ವಿಚಿತ್ರವೆನಿಸಲಿಲ್ಲ. ಹೌದಲ್ಲ, ಯಾಕೆ ಬರಲಿಲ್ಲ ಈಕೆ ಎಂಬಂತೆ ಎಲ್ಲರೂ ಚಮನಬೀಯ ಮುಖ ನೋಡಿದರು. ಗುಂಡಿ, ಮುಳ್ಳು, ಕೋಲು, ಬಕೀಟು, ಎಲ್ಲವೂ ಆಕೆಯ ನಾಲಿಗೆಯ ತುದಿಗೆ ಬಂದವು. ಆದರೆ ಅವುಗಳ ಹಿಂದೆ ಇನ್ನೊಂದು ಮಾತೂ ಬಂತು. ಕರೆದುಕೊಂಡು ಬರುತ್ತೇನೆ, ನೋಡು ಅಂದಿದ್ದರು. ಬೇಡ ಅಂದವಳು ತಾನು.

"ತಪ್ಪಾಯ್ತಪ್ಪ" ಅಂದಳು.

ಆಕೆ ಹೇಳಿದ್ದು ತನ್ನ ಪಾಲಿನ ತಪ್ಪನ್ನು. ಊರು ಎಲ್ಲರ ಪಾಲನ್ನೂ ಆಕೆಯ ಬುಟ್ಟಿಗೆ ಹಾಕಿ ಕೈ ಝಾಡಿಸಿಕೊಂಡಿತು. ಬಳೆಗಾರ್ತಿ ತಾನೇ ಬಾಯಿಬಿಟ್ಟು ಒಪ್ಪಿಕೊಂಡಳಲ್ಲ ಎಂದು ಅಲ್ಲಿ ಇವತ್ತಿಗೂ ಹೇಳುತ್ತಾರೆ, ಮತ್ತೆ ಯಾರೂ ಆಕೆಯನ್ನು ಬಳೆಗೆ ಕರೆದಿಲ್ಲ.

ಚಮನಬೀ ಬುಟ್ಟಿ ಹೊತ್ತು ಹಲಗೆ ದಾಟಿದಳು. ಆಚೆ ದಂಡೆ ಮುಟ್ಟಿದ ಮೇಲೆ ಹಿಂದೆ ಸದ್ದಾಯಿತೆಂದು ತಿರುಗಿ ನೋಡಿದಳು. ಮರಿಲಿಂಗ ಹಲಗೆಯನ್ನು ಒಳಗೆ ಎಳೆದುಕೊಂಡು, ಆಕೆ ಕಾಲಿಟ್ಟ ಕಡೆಯೆಲ್ಲ ಬ್ಲೀಚಿಂಗ್ ನೀರು ಚೆಲ್ಲುತ್ತಿದ್ದ.